ನಾವು ಶಹರು ನೋಡಿದ ದಿನ

ನಮ್ಮ ನಾನಿ ಬೆಂಗಳೂರು ನೋಡಿದ್ದರು, ಮೈಸೂರನ್ನೂ ನೋಡಿದ್ದರು. ಆ ಎರಡು ಊರುಗಳನ್ನು ಅವರು ಹೆಸರು ಹಿಡಿದೇ ಕರೆಯುತ್ತಿದ್ದರು. ‘ಶಹರು’ ಎಂಬ ಮಾತನ್ನು ಮಾತ್ರ ಒಂದೇ ಊರಿಗೆ ಮೀಸಲಿಟ್ಟಿದ್ದರು. ಅದು ಅವರ ತವರು ಶಿರಾ. “ಶಹರ್ ಕು ಜಾಕೋ ಆತೂಂ” ಎಂದು ಬುರ್ಖಾ ಹೊದ್ದು ನಿಟ್ಟೂರಿನ ಬಸ್‌ಸ್ಟಾಪಿಗೆ ಹೊರಟರೆ, ಎರಡು ದಿನ ಬಿಟ್ಟು ಹುರಿದ ಕಡಲೆಕಾಯಿ ತುಂಬಿದ ಕೈಚೀಲದೊಂದಿಗೆ ಹಿಂದಿರುಗುತ್ತಿದ್ದರು. ಮಕ್ಕಳಾದ ನಾವು ನಗುತ್ತಿದ್ದೆವು. ಕಡಲೆಕಾಯಿ ಮಂಡಿ, ಎಣ್ಣೆ ಗಿರಣಿ, ಲಾರಿಗಳ ಧೂಳು ಬಿಟ್ಟರೆ ಬೇರೇನಿಲ್ಲದ ತಾಲ್ಲೂಕು ಕೇಂದ್ರ ಅದೆಂಥ ಶಹರು ಎಂಬುದು ನಮ್ಮ ಪ್ರಶ್ನೆ.

ನಾನಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ಆ ಮಾತು ಮತ್ತೆ ನೆನಪಾದದ್ದು ನಮ್ಮ ಹೈಸ್ಕೂಲಿನ ಗೆಳೆಯರು ಒಂದು ದಿನ ಒಟ್ಟಿಗೆ ಕಳೆಯಬೇಕೆಂದು ಮಾತಾಡಿಕೊಂಡಾಗ. ನಾಲ್ಕನೆಯ ತರಗತಿಯವರೆಗೆ ಉರ್ದು ಓದಿದ ನಾನು ಆಮೇಲೆ ಕನ್ನಡ ಶಾಲೆ ಸೇರಿದವನು. ಅಲ್ಲಿ ಸಿಕ್ಕ ಈ ನಾಲ್ವರೇ ನನಗೆ ಕನ್ನಡದಲ್ಲಿ ಬೈಯುವುದನ್ನೂ, ಈಜುವುದನ್ನೂ ಕಲಿಸಿದವರು. ಒಬ್ಬ ಈಗ ಗುಬ್ಬಿಯ ಹತ್ತಿರದ ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಇನ್ನೊಬ್ಬ ಊರಲ್ಲೇ ಉಳಿದು ತೆಂಗಿನ ತೋಟ ನೋಡಿಕೊಂಡಿದ್ದಾನೆ. ಉಳಿದಿಬ್ಬರು ಬೆಂಗಳೂರಿನಲ್ಲಿ, ಒಬ್ಬನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ಮತ್ತೊಬ್ಬ ಟ್ಯಾಕ್ಸಿ ಓಡಿಸುತ್ತಾನೆ. ಪೀಣ್ಯದವನು ಬರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬೀಗ ಬಿದ್ದಿರುವ ತನ್ನ ತಂದೆಯ ಮನೆಯನ್ನು ಮಾರುವ ಮಾತು ಮುಗಿಸಬೇಕಿತ್ತು.

“ಬೆಂಗಳೂರಿಗೇ ಬನ್ರೋ, ಸಿಟಿ ಸುತ್ತಾಡೋಣ” ಎಂದ ಟ್ಯಾಕ್ಸಿಯವನು. “ಶಿರಾಕ್ಕೆ ಹೋಗೋಣ. ಅದೂ ಸಿಟಿನೇ” ಎಂದೆ ನಾನು. ನಾನಿಯ ಮುಂದೆ ನಾವು ನಕ್ಕಂತೆಯೇ ನಾಲ್ವರೂ ನಕ್ಕರು. ಆದರೆ ಟ್ಯಾಕ್ಸಿಯವನಿಗೆ ಬೆಂಗಳೂರಿನ ಟ್ರಾಫಿಕ್ ಬೇಸರ ತಂದಿತ್ತು. ಹೀಗಾಗಿ ನನ್ನ ಮಾತೇ ನಡೆಯಿತು.

ದಾರಿ

ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ ಇದೆ. ನಾವು ಬಾಲ್ಯದಲ್ಲಿ ಅದರ ಸುತ್ತ ಕಣ್ಣಾಮುಚ್ಚಾಲೆ ಆಡಿದ್ದೇವೆಯೇ ಹೊರತು ಒಂದು ದಿನವೂ ನಿಂತು ನೋಡಿದವರಲ್ಲ. ನಮ್ಮ ಇತಿಹಾಸದ ಪಾಠದಲ್ಲಿ ಆಗ್ರಾ ಇತ್ತು, ಪಾಣಿಪತ್ ಇತ್ತು. ಊರ ಬಸದಿ ಇರಲಿಲ್ಲ, ನೂರು ಕಿಲೋಮೀಟರ್ ಒಳಗಿನ ಶಿರಾವೂ ಇರಲಿಲ್ಲ. ಗುಬ್ಬಿ ದಾಟಿ, ತುಮಕೂರಿನಲ್ಲಿ ತಿಂಡಿ ತಿಂದು, ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟಾಗ ಮೇಷ್ಟ್ರೇ ಈ ಮಾತು ತೆಗೆದ. ಮಕ್ಕಳಿಗೆ ದೂರದ್ದನ್ನು ಕಲಿಸುವುದು ಸುಲಭ, ಹತ್ತಿರದ್ದಕ್ಕೆ ಪುಸ್ತಕವೇ ಇಲ್ಲ ಎಂಬುದು ಅವನ ದೂರು.

ಸೀಬಿಯಲ್ಲಿ ಗಾಡಿ ನಿಲ್ಲಿಸಿದೆವು. ರಸ್ತೆಗೆ ಹತ್ತಿರದಲ್ಲೇ ನರಸಿಂಹಸ್ವಾಮಿಯ ದೇವಸ್ಥಾನ. ಅದನ್ನು ಇಂದಿನ ರೂಪದಲ್ಲಿ ಕಟ್ಟಿಸಿದವರು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಅಣ್ಣತಮ್ಮಂದಿರು. ಅವರ ತಂದೆ ಕಚೇರಿ ಕೃಷ್ಣಪ್ಪ ಟಿಪ್ಪು ಸುಲ್ತಾನನ ಸರಕಾರದಲ್ಲಿ ಅಧಿಕಾರಿಯಾಗಿದ್ದವರು. ಮಂಟಪದ ಒಳಚಾವಣಿಯಲ್ಲಿ ಪುರಾಣದ ಪ್ರಸಂಗಗಳ ಜೊತೆಗೆ ದರಬಾರಿನ ಚಿತ್ರಗಳೂ ಇವೆ. ತಲೆ ಎತ್ತಿ ನೋಡುತ್ತ ನಿಂತ ತೋಟದವನು, “ಸುಲ್ತಾನನ ಸಂಬಳದಲ್ಲಿ ನರಸಿಂಹಸ್ವಾಮಿ ದೇವಸ್ಥಾನ ಅನ್ನು” ಎಂದ. ಸಂಬಳ ಯಾರದೋ, ಭಕ್ತಿ ಯಾರದೋ, ಬಣ್ಣ ಬಳಿದ ಕೈ ಯಾವುದೋ. ಇವು ಒಂದೇ ಗೋಡೆಯ ಮೇಲೆ ಕೂಡಿಕೊಂಡಿದ್ದವು. ಶಿರಾ ಮುಟ್ಟುವ ಮೊದಲೇ ಇದನ್ನು ನೋಡಿದ್ದು ಒಳ್ಳೆಯದಾಯಿತು.

ಕೋಟೆ

ಶಿರಾದ ಕೋಟೆಯನ್ನು ಕಟ್ಟಲು ಶುರು ಮಾಡಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಕೆಲಸ ಮುಗಿಯುವ ಮೊದಲೇ ಬಿಜಾಪುರದ ಆದಿಲ್‌ಶಾಹಿ ಸೈನ್ಯ ರಣದುಲ್ಲಾ ಖಾನನ ನೇತೃತ್ವದಲ್ಲಿ ದಕ್ಷಿಣಕ್ಕೆ ಬಂತು. ಕೆಂಪೇಗೌಡರ ವಂಶದವರ ಕೈಯಿಂದ 1638ರಲ್ಲಿ ಬೆಂಗಳೂರನ್ನು ಕಿತ್ತುಕೊಂಡದ್ದು ಇದೇ ಸೈನ್ಯ. ಆ ದಂಡಯಾತ್ರೆಗಳ ಕಾಲದಲ್ಲೇ ಶಿರಾವೂ ಬಿತ್ತು. ಬೆಂಗಳೂರು ಶಹಾಜಿಗೆ ಜಹಗೀರಾಗಿ ಹೋಯಿತು. ಶಿರಾಕ್ಕೆ ಬಂದ ಮಲಿಕ್ ಹುಸೇನ್ ಅರ್ಧಕ್ಕೆ ನಿಂತಿದ್ದ ಕೋಟೆಯನ್ನು ಮುಗಿಸಿ, ಪೇಟೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದ.

ಕೋಟೆಯ ಬಾಗಿಲಲ್ಲಿ ನಿಂತು ಇದನ್ನು ಹೇಳುತ್ತಿದ್ದಾಗ ಪೀಣ್ಯದ ಗೆಳೆಯ, “ಹಂಗಾದ್ರೆ ಇದು ನಮ್ಮೋರ ಕೋಟೆನೋ, ನಿಮ್ಮೋರ ಕೋಟೆನೋ?” ಎಂದ. ಅವನ ಮಾತಿನಲ್ಲಿ ವಿಷವಿರಲಿಲ್ಲ. ಸಣ್ಣಂದಿನಿಂದ ನಮ್ಮ ನಡುವೆ ಇಂಥ ಮಾತು ಓಡಾಡಿಕೊಂಡೇ ಇದೆ. ಆದರೆ ಈಗಿನ ಕಾಲದಲ್ಲಿ ಈ ಪ್ರಶ್ನೆಗೆ ಬೇರೆ ತೂಕ ಬಂದಿದೆ. ಅದಕ್ಕೇ ನಾನು ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಿದೆ. ಶರಣಾಗಲೆಂದು ಬಿಜಾಪುರದ ಬಿಡಾರಕ್ಕೆ ಬಂದ ಕಸ್ತೂರಿ ರಂಗನನ್ನು ಅಫ್ಜಲ್ ಖಾನ್ ಮೋಸದಿಂದ ಕೊಂದ ಎಂದು ಇತಿಹಾಸಕಾರರು ಬರೆದಿದ್ದಾರೆ. ಇಪ್ಪತ್ತು ವರ್ಷಗಳ ನಂತರ, 1659ರಲ್ಲಿ, ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಸತ್ತವನು ಇದೇ ಅಫ್ಜಲ್ ಖಾನ್. ಪ್ರತಾಪಗಡದ ಕಥೆ ಎಲ್ಲರಿಗೂ ಗೊತ್ತು, ಶಿರಾದ ಕಥೆ ಶಿರಾದವರಿಗೂ ಗೊತ್ತಿಲ್ಲ.

ತೋಟದವನು ನನ್ನ ಮುಖವನ್ನೇ ನೋಡಿದ. “ನೀನೇ ಹೇಳ್ತಿದೀಯಲ್ಲಾ” ಎಂದ. ನಾನು ಹೇಳದಿದ್ದರೆ ಇನ್ನೊಬ್ಬ ಹೇಳುತ್ತಾನೆ, ಅವನು ಹೇಳುವ ರೀತಿ ಬೇರೆಯಾಗಿರುತ್ತದೆ. ಇಸ್ಲಾಮಿನಲ್ಲಿ ಮಾತು ಕೊಟ್ಟು ತಪ್ಪುವುದು ದೊಡ್ಡ ಗುನಾಹ್. ಅದನ್ನು ಮಾಡಿದವನ ಹೆಸರು ನನ್ನ ಹೆಸರಿನಂತೆ ಕೇಳಿಸುತ್ತದೆ ಎಂಬ ಕಾರಣಕ್ಕೆ ನಾನು ಅವನ ವಕಾಲತ್ತು ವಹಿಸಬೇಕಾಗಿಲ್ಲ. ಇನ್ನು ಕೋಟೆಯ ಮಾತು. ನಾಯಕ ಶುರು ಮಾಡಿದ, ಮಲಿಕ್ ಹುಸೇನ್ ಮುಗಿಸಿದ, ಕಲ್ಲು ಹೊತ್ತವರು ಈ ಸೀಮೆಯ ಒಡ್ಡರು, ಕೂಲಿಗಳು. ನಮ್ಮೋರು ನಿಮ್ಮೋರು ಎಂದು ಹಂಚಿಕೊಳ್ಳಬೇಕಾದರೆ ಗೋಡೆಯ ಕಲ್ಲನ್ನು ಒಂದೊಂದಾಗಿ ಕೀಳಬೇಕಾಗುತ್ತದೆ.

ಸುಬಾ

ಊರಿನಲ್ಲಿ ನೋಡಲೇಬೇಕಾದ ಕಟ್ಟಡಗಳು ಎರಡು. ಒಂದು 1651ರ ಮಲಿಕ್ ರಿಹಾನ್ ದರ್ಗಾ. ಬಿಜಾಪುರದ ಪರವಾಗಿ ಈ ಸೀಮೆಯನ್ನು ಆಳಿದವನ ಗೋರಿ ಅದು. ಇನ್ನೊಂದು 1696ರ ಜುಮಾ ಮಸೀದಿ. ಹದವಾಗಿ ಕಡೆದ ಕಲ್ಲುಗಳಿಂದ ಕಟ್ಟಿದ್ದು. ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಈ ಎರಡು ಇಸವಿಗಳ ನಡುವೆ ರಾಜ್ಯವೇ ಬದಲಾಗಿತ್ತು. ಔರಂಗಜೇಬ್ 1686ರಲ್ಲಿ ಬಿಜಾಪುರವನ್ನು ಗೆದ್ದ. ಮರುವರ್ಷ ಅವನ ಸೇನಾಪತಿ ಖಾಸಿಂ ಖಾನ್ ತುಂಗಭದ್ರೆಯ ದಕ್ಷಿಣಕ್ಕೆ ಬಂದು ಶಿರಾವನ್ನು ಹೊಸ ಸುಬಾದ ರಾಜಧಾನಿ ಮಾಡಿಕೊಂಡ. ಮುಸಲ್ಮಾನ ದೊರೆಯಿಂದ ಮುಸಲ್ಮಾನ ಬಾದಶಹ ಕಿತ್ತುಕೊಂಡ ರಾಜ್ಯ ಇದು. ಆ ಕಾಲದ ಯುದ್ಧಗಳನ್ನು ಧರ್ಮದ ಲೆಕ್ಕದಲ್ಲಿ ಕೂಡಿಸಿ ಕಳೆಯಲು ಹೊರಟವರಿಗೆ ಶಿರಾದಲ್ಲಿ ಲೆಕ್ಕ ತಪ್ಪುತ್ತದೆ.

ಶಿರಾ ಸುಬಾದಲ್ಲಿ ಏಳು ಪರಗಣಗಳಿದ್ದವು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಹರಪನಹಳ್ಳಿ, ಕುಂದುರ್ಪಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಇವು ಕಪ್ಪ ಕೊಡಬೇಕಾದ ಸಂಸ್ಥಾನಗಳು. ಮೈಸೂರಿನ ಒಡೆಯರೂ, ಬಿದನೂರಿನ ನಾಯಕರೂ ಶಿರಾದತ್ತ ಮುಖ ಮಾಡಿ ಲೆಕ್ಕ ಒಪ್ಪಿಸಬೇಕಾಗಿದ್ದ ಕಾಲ ಅದು. ಬೆಂಗಳೂರಿನ ಕಥೆಯನ್ನಂತೂ ಕೇಳಲೇಬೇಕು. ಶಹಾಜಿಯ ಮಗ ಏಕೋಜಿ ಆಗ ತಂಜಾವೂರಿನಲ್ಲಿ ನೆಲೆ ನಿಂತಿದ್ದ. ದೂರದ ಬೆಂಗಳೂರನ್ನು ಮಾರಿಬಿಡಲು ಮೈಸೂರಿನ ಚಿಕ್ಕದೇವರಾಜ ಒಡೆಯರೊಂದಿಗೆ ವ್ಯವಹಾರ ಕುದುರಿಸುತ್ತಿದ್ದ. ಅಷ್ಟರಲ್ಲಿ, 1687ರಲ್ಲಿ, ಖಾಸಿಂ ಖಾನ್ ಬೆಂಗಳೂರನ್ನು ಹಿಡಿದು, ಅದೇ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟ.

“ಮೂರು ಲಕ್ಷಕ್ಕೆ ಇಡೀ ಬೆಂಗಳೂರಾ!” ಎಂದು ಟ್ಯಾಕ್ಸಿಯವನು ಹಣೆ ಚಚ್ಚಿಕೊಂಡ. “ಈಗ ಅಷ್ಟರಲ್ಲಿ ಗಾಡಿ ನಿಲ್ಲಿಸೋ ಜಾಗಾನೂ ಸಿಗಲ್ಲ ಕಣ್ಲಾ.”

ನಾನು ಹತ್ತಿರದ ಮಸೀದಿಯೊಂದಕ್ಕೆ ಹೋಗಿ ಝುಹರ್ ನಮಾಝ್ ಮುಗಿಸಿ ಬಂದಾಗ ಗೆಳೆಯರು ಮರದ ನೆರಳಿನಲ್ಲಿ ಕುಳಿತು ತೋಟದವನ ಪಹಣಿ ನೋಡುತ್ತಿದ್ದರು. ಬ್ಯಾಂಕಿನ ಸಾಲಕ್ಕೆಂದು ಕಾಗದಗಳನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದ. ಖುಷ್ಕಿ ಇಷ್ಟು, ತರಿ ಇಷ್ಟು, ಬಾಗಾಯ್ತು ಇಷ್ಟು, ಖರಾಬು ಇಷ್ಟು. ನಾನು ಉರ್ದು ಓದಿದವನಾದ್ದರಿಂದ ನನಗೆ ಅದು ಬೇರೆಯಾಗಿ ಕಾಣಿಸಿತು. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ, ಖರಾಬ್ ಎಂದರೆ ಕೆಟ್ಟದ್ದು. ತಾಲ್ಲೂಕು, ಕಚೇರಿ, ಜಮಾಬಂದಿ, ಅಮಲ್ದಾರ ಎಲ್ಲವೂ ಇದೇ ದಾರಿಯಲ್ಲಿ ಬಂದವು. ಬಿಜಾಪುರ, ಮೊಗಲರು, ಆಮೇಲೆ ಶ್ರೀರಂಗಪಟ್ಟಣ, ಹೀಗೆ ಮೂರು ಆಡಳಿತಗಳು ಈ ಮಾತುಗಳನ್ನು ನಮ್ಮ ಹೊಲಗಳಿಗೆ ಬಿತ್ತಿದವು. ಗೌಡ, ಶಾನುಭೋಗರು ಹಳ್ಳಿಗಳಲ್ಲಿ ಹಾಗೆಯೇ ಉಳಿದರು. ಕಡತದ ಭಾಷೆ ಅವರ ನಾಲಗೆಗೆ ಒಗ್ಗಿ ಕನ್ನಡವಾಯಿತು. “ಹಂಗಾದ್ರೆ ನಮ್ಮ ತೋಟಾನೂ ಲಾಲ್‌ಬಾಗೂ ಒಂದೇ ಬಾಗಾ?” ಎಂದ ತೋಟದವನು. ಒಂದೇ ಎಂದೆ. ಅವನಿಗೆ ಬಹಳ ಸಂತೋಷವಾಯಿತು.

ಅರಮನೆ ಹೋದ ದಾರಿ

ಲಾಲ್‌ಬಾಗಿನ ಮಾತು ಬಂದದ್ದು ಸರಿಯಾಗಿಯೇ ಇತ್ತು. ಶಿರಾ ತನ್ನ ಉಚ್ಛ್ರಾಯ ಸ್ಥಿತಿ ಮುಟ್ಟಿದ್ದು ಹದಿನೆಂಟನೆಯ ಶತಮಾನದ ನಡುವೆ, ದಿಲಾವರ್ ಖಾನ್ ಸುಬೇದಾರನಾಗಿದ್ದಾಗ. ಆಗ ಇಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಪ್ರತೀತಿ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಹಾಗಿದ್ದರೂ ಅದು ಸಣ್ಣ ಊರಿನ ಬಗ್ಗೆ ಹುಟ್ಟುವ ಉತ್ಪ್ರೇಕ್ಷೆಯಲ್ಲ. ದಿಲಾವರ್ ಖಾನನ ಅರಮನೆಯ ಸೊಬಗನ್ನು ನೋಡಿಯೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ತಮ್ಮ ಅರಮನೆ ಕಟ್ಟಿಸಿದರೆಂದು ಮೈಸೂರಿನ ಗ್ಯಾಸೆಟಿಯರ್‌ಗಳು ಹೇಳುತ್ತವೆ. 1760ರಲ್ಲಿ ಹೈದರ್ ಆರಂಭಿಸಿದ ಲಾಲ್‌ಬಾಗಿಗೆ ಶಿರಾದ ಖಾನ್‌ಬಾಗ್ ಪ್ರೇರಣೆ ಎಂಬ ನಂಬಿಕೆಯೂ ಹಳೆಯದು. ಬೆಂಗಳೂರು ಕೋಟೆಯ ಮರದ ಕಂಬಗಳ ಅರಮನೆ 1781ರಲ್ಲಿ ಶುರುವಾಗಿ 1791ರಲ್ಲಿ ಮುಗಿಯಿತು. ಅದು ಇಂದಿಗೂ ನಿಂತಿದೆ, ಟಿಕೆಟ್ ಕೊಂಡು ನೋಡಬಹುದು. ಶಿರಾದ ಮೂಲ ಅರಮನೆ ಉಳಿದಿಲ್ಲ.

ಹೈದರನಿಗೆ ಶಿರಾ ಪರವೂರಲ್ಲ. ಅವನ ತಂದೆ ಫತೇ ಮುಹಮ್ಮದ್ ಶಿರಾ ಸುಬೇದಾರರ ಚಾಕರಿಯಲ್ಲಿದ್ದವರು. ಹೈದರ್ ಹುಟ್ಟಿದ ಕೋಲಾರ ಸೀಮೆಯ ಬೂದಿಕೋಟೆಯೂ ಈ ಸುಬಾದೊಳಗಿನದೇ. ಮರಾಠರು 1757ರಲ್ಲಿ ಶಿರಾವನ್ನು ಹಿಡಿದ ಮೇಲೆ ಎಪ್ಪತ್ತು ವರ್ಷಗಳ ಮೊಗಲರ ಆಳ್ವಿಕೆ ಸಡಿಲವಾಯಿತು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ‘ಶಿರಾದ ನವಾಬ’ ಎಂಬ ಪದವಿಯನ್ನು ಹೈದರನಿಗೆ ಕೊಟ್ಟ. ಅದಕ್ಕೂ ಕೈ ಬದಲಾದದ್ದು ಮೂರು ಲಕ್ಷ ರೂಪಾಯಿ. ತಂದೆ ಆಳಾಗಿ ದುಡಿದ ಊರಿಗೆ ಮಗ ನವಾಬನಾದ. 1766ರಲ್ಲಿ ಶಿರಾ ಮತ್ತೆ ಮರಾಠರ ಪಾಲಾಯಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದ. ಒಂದು ಊರು ಇಪ್ಪತ್ತು ವರ್ಷದೊಳಗೆ ಇಷ್ಟು ಸಲ ಕೈ ಬದಲಾದರೆ ಅಂಗಡಿಯವನು ಹೇಗೆ ಅಂಗಡಿ ತೆರೆಯಬೇಕು, ನೇಯುವವನು ಯಾರಿಗೆಂದು ನೇಯಬೇಕು?

ಇಷ್ಟರ ಮೇಲೆ ಬಂದದ್ದು ಕೊನೆಯ ಪೆಟ್ಟು. ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಟಿಪ್ಪು ಹೊಸದೊಂದು ಪೇಟೆ ಕಟ್ಟಿಸಿದ. ಪೇಟೆಗೆ ಬೀದಿ ಹಾಕಬಹುದು, ಜನ ಎಲ್ಲಿಂದ ಬರಬೇಕು? ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಅಲ್ಲಿಗೆ ಒಯ್ದನೆಂದು ದಾಖಲೆಗಳು ಹೇಳುತ್ತವೆ. ಆ ಪೇಟೆಗೆ ಇಟ್ಟ ಹೆಸರು ಶಹರ್ ಗಂಜಾಂ.

ಇದನ್ನು ಓದಿದ ದಿನ ನನಗೆ ನಾನಿ ನೆನಪಾದರು. ಜನರ ಜೊತೆಗೆ ‘ಶಹರು’ ಎಂಬ ಮಾತನ್ನೂ ಗಂಟು ಕಟ್ಟಿಸಿ ಒಯ್ದರೇನೋ ಎನ್ನಿಸಿತು. ಆದರೆ ಉಳಿದವರು ಆ ಮಾತನ್ನು ಬಿಟ್ಟುಕೊಡಲಿಲ್ಲ. ಇನ್ನೂರು ವರ್ಷ ಕಳೆದ ಮೇಲೂ ಸೊಸೆಯಾಗಿ ನಿಟ್ಟೂರಿಗೆ ಬಂದ ಒಬ್ಬ ಹೆಂಗಸು ತನ್ನ ತವರನ್ನು ಅದೇ ಮಾತಿನಿಂದ ಕರೆಯುತ್ತಿದ್ದಳು.

ಯಾರ ಭಾರ

ಊಟಕ್ಕೆ ಕುಳಿತಾಗ ಮೇಷ್ಟ್ರು ತನ್ನ ಕಷ್ಟ ಹೇಳಿಕೊಂಡ. ಟಿಪ್ಪುವಿನ ಪಾಠ ತೆಗೆದರೆ ತರಗತಿ ಎರಡು ಭಾಗವಾಗುತ್ತದಂತೆ. 2015ರಿಂದ 2018ರವರೆಗೆ ಸರಕಾರ ಟಿಪ್ಪು ಜಯಂತಿ ಆಚರಿಸಿತು. 2019ರಲ್ಲಿ ಬಂದ ಸರಕಾರ ಅದನ್ನು ರದ್ದು ಮಾಡಿತು. ಮಕ್ಕಳು ಮನೆಯಿಂದಲೇ ತೀರ್ಪು ಹೊತ್ತು ತರುತ್ತಾರೆ, ಪಾಠ ಕೇಳುವುದಕ್ಕೆ ಬಾಕಿ ಏನೂ ಉಳಿದಿರುವುದಿಲ್ಲ. “ನೀನು ಹೇಳಪ್ಪ, ಈ ಹನ್ನೆರಡು ಸಾವಿರ ಕುಟುಂಬಾನ ನಾನು ಹೆಂಗೆ ಪಾಠ ಮಾಡ್ಲಿ?” ಎಂದು ಕೇಳಿದ.

ಟಿಪ್ಪು ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ಪ್ರಾಣ ಕೊಟ್ಟದ್ದು ನನಗೆ ಹೆಮ್ಮೆಯ ಸಂಗತಿ. ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಹೆಮ್ಮೆಯಲ್ಲಿ ಪಾಲು ಕೇಳುವವನು ಸಾಲದಲ್ಲೂ ಪಾಲು ಹೊರಬೇಕು. ದರಿಯಾ ದೌಲತ್ತಿನ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ, ಎದ್ದು ಹೋದ ಶಿರಾದ ಬೀದಿಗಳನ್ನು ಮುಚ್ಚಿಟ್ಟರೆ ಅದು ಅರ್ಧ ಸತ್ಯ. ಹಾಗೆಯೇ ಶಿರಾದ ನೋವನ್ನು ಮಾತ್ರ ಹಿಡಿದು, ಅದಕ್ಕೂ ಮೊದಲು ಮರಾಠರ ದಾಳಿ, ಪಾಳೆಯಗಾರರ ಕಾಳಗ, ಬಾದಶಹರ ತೆರಿಗೆ ಈ ಊರನ್ನು ಎಷ್ಟು ಬಡಿದವೆಂಬುದನ್ನು ಬಿಟ್ಟರೆ ಅದೂ ಅರ್ಧವೇ. ಗಂಜಾಮಿಗೆ ನಡೆದ ಕುಟುಂಬಗಳಿಗೆ ತಮ್ಮನ್ನು ಎಬ್ಬಿಸಿದವನು ವೀರನೋ ಕ್ರೂರಿಯೋ ಎಂಬ ಚರ್ಚೆಗೆ ಪುರಸೊತ್ತಿರಲಿಲ್ಲ. ಹಸು ಯಾರಿಗೆ ಒಪ್ಪಿಸುವುದು, ಮುದುಕಿಯನ್ನು ಗಾಡಿಯಲ್ಲಿ ಎಲ್ಲಿ ಕೂರಿಸುವುದು ಎಂಬುದು ಅವರ ಚಿಂತೆಯಾಗಿದ್ದಿರಬೇಕು. ಪಾಠವನ್ನು ಅಲ್ಲಿಂದ ಶುರು ಮಾಡು ಎಂದೆ. ಸುಲ್ತಾನನ ಕಡೆಯಿಂದಲೂ ಬೇಡ, ಅವನ ವೈರಿಯ ಕಡೆಯಿಂದಲೂ ಬೇಡ, ಗಾಡಿಯ ಕಡೆಯಿಂದ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನೆಲ್ಲ ಸುತ್ತಿದ. ನಮ್ಮ ಗುಬ್ಬಿಯ ಸಂತೆಯನ್ನೂ, ಅಲ್ಲಿನ ಅಡಿಕೆ ಕೊಬ್ಬರಿ ವ್ಯಾಪಾರವನ್ನೂ ಕಂಡು ಬರೆದ. ಶಿರಾಕ್ಕೆ ಬಂದಾಗ ಅವನಿಗೆ ಸಿಕ್ಕಿದ್ದು ಹಿಂದಿನ ಶಹರಿನ ಗುರುತುಗಳು. ಹೂವಿನ ಅಚ್ಚು ಹಾಕಿದ ಹತ್ತಿ ಬಟ್ಟೆಗೆ ಹೆಸರಾಗಿದ್ದ ಈ ಊರಿನ ಕಸುಬು ಮುಂದೆ ಮರೆಯಾಯಿತು. ಕುರುಬರ ಕಂಬಳಿ ಉಳಿಯಿತು. ಗಂಜಾಂ ಕೂಡ ಬಹಳ ಕಾಲ ಶಹರಾಗಿ ಬಾಳಲಿಲ್ಲ. ಇಂದು ಅದು ಶ್ರೀರಂಗಪಟ್ಟಣದ ಒಂದು ಭಾಗ. ಅದರ ಪಕ್ಕದಲ್ಲೇ ಗುಂಬಜ್. ಹೈದರ್, ಟಿಪ್ಪು ಅಲ್ಲಿ ಮಲಗಿದ್ದಾರೆ. ಪ್ರವಾಸಕ್ಕೆ ಹೋದ ಶಾಲಾ ಮಕ್ಕಳು ಅಲ್ಲಿ ಸಾಲುಗಟ್ಟುತ್ತಾರೆ. ನಾವೂ ಎಂಟನೆಯ ತರಗತಿಯಲ್ಲಿ ಸಾಲುಗಟ್ಟಿದ್ದೆವು. ಹತ್ತಿರದ ಬೀದಿಗಳಲ್ಲಿ ನಮ್ಮ ಜಿಲ್ಲೆಯ ಜನ ನೆಲೆಸಿದ್ದರೆಂದು ಆಗ ನಮಗೆ ಯಾರೂ ಹೇಳಲಿಲ್ಲ.

ಹಿಂದಿರುಗುವಾಗ

ಬಿಸಿಲು ಇಳಿಯುವ ಹೊತ್ತಿಗೆ ಮತ್ತೊಮ್ಮೆ ಮಲಿಕ್ ರಿಹಾನ್ ದರ್ಗಾದ ಕಡೆ ಹೋದೆವು. ಪೀಣ್ಯದವನು ಅಂದೆಲ್ಲ ಮಾತು ಕಡಿಮೆ ಮಾಡಿದ್ದ. ಗೋರಿಯ ಕಡೆ ನೋಡುತ್ತ, “ಇವನ ಹೆಸರು ಉಳೀತು. ಆ ಹನ್ನೆರಡು ಸಾವಿರದೋರಲ್ಲಿ ಒಬ್ರ ಹೆಸರೂ ಇಲ್ಲ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಕ್ಲಾಸಲ್ಲಿ ಎಷ್ಟು ಜನ ಇದ್ವೋ?” ಎಂದು ಕೇಳಿದ.

ತುಮಕೂರಿನವರೆಗೂ ಗಾಡಿಯಲ್ಲಿ ಅದೇ ಲೆಕ್ಕ ನಡೆಯಿತು. ಬೆಂಚಿನಿಂದ ಬೆಂಚಿಗೆ ಹೆಸರು ಹೇಳುತ್ತ ಹೋದೆವು. ನಲವತ್ತೆರಡರ ಹತ್ತಿರ ಬಂತು. ಅವರಲ್ಲಿ ನಿಟ್ಟೂರಿನಲ್ಲಿ ಇರುವವರು ಆರು ಜನ. ಉಳಿದವರು ಬೆಂಗಳೂರು, ತುಮಕೂರು, ಒಬ್ಬ ದಮ್ಮಾಮ್, ಒಬ್ಬಳು ಪುಣೆ. ಮೂವರು ತೀರಿಹೋಗಿದ್ದರು. ನಮ್ಮನ್ನು ಯಾವ ಸುಲ್ತಾನನೂ ಎಬ್ಬಿಸಲಿಲ್ಲ. ಬತ್ತಿದ ಕೊಳವೆಬಾವಿ, ಕೊಬ್ಬರಿಯ ಬೆಲೆ, ಮಕ್ಕಳ ಇಂಗ್ಲಿಷ್ ಶಾಲೆ, ಇವೇ ನಮ್ಮ ಫರ್ಮಾನುಗಳು. ಬಲವಂತಕ್ಕೂ ಬಡತನಕ್ಕೂ ವ್ಯತ್ಯಾಸವಿದೆ ನಿಜ. ಆದರೆ ಹಿಂದೆ ಉಳಿಯುವ ಬೀಗ ಎರಡಕ್ಕೂ ಒಂದೇ ಬಗೆಯದು.

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಪೀಣ್ಯದವನು ಇಳಿದ. ಮರುದಿನ ಬೆಳಗಿನ ಪಾಳಿಗೆ ಅವನು ಕಾರ್ಖಾನೆಯಲ್ಲಿರಬೇಕಿತ್ತು. ಜೇಬಿನಿಂದ ಬೀಗದ ಕೈ ತೆಗೆದು ತೋಟದವನ ಕೈಯಲ್ಲಿಟ್ಟ.

“ಮನೆ ಕೊಡೋದೇ ಕಣೋ, ಬೇರೆ ದಾರಿ ಇಲ್ಲ. ಮಗಳ ಫೀಸು ಕಟ್ಬೇಕು. ಆದ್ರೆ ಬಾಗಿಲ ಮೇಲಿನ ಕಲ್ಲಲ್ಲಿ ನಮ್ಮಜ್ಜನ ಹೆಸರಿದೆ, ಕಟ್ಟಿಸಿದ ಇಸ್ವಿ ಇದೆ. ತಗೊಳ್ಳೋರು ಮನೆ ಕೆಡವಿದ್ರೆ ಆ ಕಲ್ಲನ್ನ ನಿಮ್ಮ ತೋಟದ ಮನೇಲಿ ತೆಗೆದಿಡು.”

ತೋಟದವನು ತಲೆಯಾಡಿಸಿದ. ಬೆಂಗಳೂರಿನ ಬಸ್ಸು ಬಂತು. ಕಿಟಕಿಯಿಂದ ಕೈ ಬೀಸುತ್ತ ಅವನು ಕೂಗಿದ: “ಲೋ, ಮುಂದಿನ ಸಲಾನೂ ಶಹರಿಗೇ ಹೋಗೋಣ.”

ಬೆಳಿಗ್ಗೆ ಆ ಮಾತಿಗೆ ನಕ್ಕಿದ್ದವನು ಅವನೇ. ನಾನಿ ಇದ್ದಿದ್ದರೆ ಕೈಚೀಲದಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಅವನ ಕೈಗೆ ಹಾಕುತ್ತಿದ್ದರು.